ಆವಲಪ್ಪನವರ ಎಲೆ

ಚಿಕ್ಕಬಳ್ಳಾಪುರ
೧೦-೯-೧೯೫೬

ಕೆಂಚಾರ್ಲಹಳ್ಳಿಯಲ್ಲಿ ಬೆಳಗುತ್ತಿರುವ, ಶ್ರೀ ರಂಗವಿಜಯ ನಾಟಕ ಮಂಡಳಿಯ ಅನ್ನದಾತರಾದ ಅಡಿಗೆ ಆವಲಪ್ಪಣ್ಣನವರ ಪಾದಗಳಿಗೆ, ಅದೇ ಮಂಡಳಿಯ ರಾಜಾಪಾರ್ಟು ರಾಮಾಂಜಿನಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಅಣ್ಣಾ! ಕೇಳಿಸಿತೇ ನನ್ನ ಗಂಟಲು? ಕಾಗದದಲ್ಲಾದರೂ ನಾನು ಮೆಲ್ಲಗೆ ಮಾತಾಡಿದವನಲ್ಲ. ಗೌರಿಬಿದನೂರು ಕ್ಯಾಂಪಿನಲ್ಲಿ ನಮ್ಮ ಕಂಪನಿ ಮುರಿದು ಐದು ವರ್ಷವಾಯಿತು. ಕಿರೀಟ ಪೆಟ್ಟಿಗೆ ಸೇರಿತು, ಗದೆ ಗೆದ್ದಲಿಗೆ ಹೋಯಿತು, ನಾನು ಹೋಟೆಲು ಸೇರಿದೆ. ಹೌದು, ಚಿಕ್ಕಬಳ್ಳಾಪುರದ ರೈಲ್ವೆ ಸ್ಟೇಷನ್ನಿನ ಎದುರಿಗೇ ಊಟದ ಹೋಟೆಲು ಇಟ್ಟಿದ್ದೇನೆ. ಸಿಂಹಾಸನದ ಬದಲು ಗಲ್ಲಾಪೆಟ್ಟಿಗೆಯ ಹಿಂದಿನ ಸ್ಟೂಲು. ಆದರೂ "ಬನ್ನಿ ಮಹಾಜನಗಳೇ!" ಎಂದು ನಾನು ಕೂಗಿದರೆ ಸಣ್ಣ ರೈಲಿನ ಡ್ರೈವರು ಸೀಟಿ ಊದುವುದನ್ನು ನಿಲ್ಲಿಸುತ್ತಾನೆ.

ವಿಷಯಕ್ಕೆ ಬರುತ್ತೇನೆ. ಕಂಪನಿ ಮುರಿದ ದಿನ ನೆನಪಿದೆಯೇ? ಯಜಮಾನರು ಸುತ್ತಿಟ್ಟ ಪರದೆಗಳ ಮೇಲೆ ಕೂತು ಅಳುತ್ತಿದ್ದರು. ಹೆಣ್ಣುಪಾರ್ಟಿನ ನಲ್ಲಪ್ಪ ಸೀರೆ ಮಡಿಸಿ ಮಡಿಸಿ ಮತ್ತೆ ಬಿಚ್ಚುತ್ತಿದ್ದ. ಆಗ ನೀವು, "ಅಳೋದು ಆಮೇಲೆ ಅಳ್ರಪ್ಪ, ಮೊದಲು ಕೂತ್ಕೊಳ್ಳಿ" ಎಂದು ಡೇರೆಯಲ್ಲೇ ಎಲೆ ಹಾಕಿದಿರಿ. ಮುದ್ದೆ, ಹುರುಳಿ ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಹುಣಸೆ ಚಿಗುರಿನ ಪಪ್ಪು, ಕಡಲೆಕಾಯಿ ಚಟ್ನಿ, ಒಬ್ಬಟ್ಟು, ಕೊನೆಗೆ ಇಂಗು ಹಾಕಿದ ಮಜ್ಜಿಗೆ. ಮೂವತ್ತೆಂಟು ಜನ ಎಲೆ ಬಳಿದು ಉಂಡೆವು. ಆವತ್ತು ಗುರುವಾರ.

ಅಣ್ಣಾ, ಆ ಎಲೆಯನ್ನು ನಾನು ಮತ್ತೆ ಹಾಕುತ್ತೇನೆ! ಇನ್ನು ಮೇಲೆ ಪ್ರತಿ ಗುರುವಾರ ನಮ್ಮ ಹೋಟೆಲಿನಲ್ಲಿ ಬೇರೆ ಅಡಿಗೆಯೇ ಇಲ್ಲ. ಆ ದಿನ ಇದ್ದದ್ದೇ, ಅದೇ ಸಾಲಿನಲ್ಲಿ, ಅದೇ ಕ್ರಮದಲ್ಲಿ. ಬಾಗಿಲ ಮೇಲೆ ಬೋರ್ಡು: "ಆವಲಪ್ಪನವರ ಎಲೆ". ನನ್ನ ಅಡಿಗೆಯವನು ಎರ್ರಪ್ಪ, ಬಾಗೇಪಲ್ಲಿ ಕಡೆಯವನು, "ಬೇರೇವರ ಹೆಸರಲ್ಲಿ ನಾನ್ಯಾಕೆ ಬೇಯ್ಸಲಿ ಸ್ವಾಮಿ?" ಎಂದ. "ಎಲೋ, ನಾನು ಇಪ್ಪತ್ತು ವರ್ಷ ರಾಜರ ಹೆಸರಲ್ಲಿ ಬದುಕಿದ್ದೀನಿ, ನೀನು ಒಂದು ದಿನ ಬದುಕಲಾರೆಯಾ?" ಎಂದೆ. ಹುರುಳಿ ಆರಿಸಲು ಕೂತ.

ಮಾಡುವ ಕ್ರಮವನ್ನೆಲ್ಲ ಬರೆದು ಕಳಿಸಿ ಅನುಗ್ರಹಿಸಬೇಕು. ಅತ್ತಿಗೆ ಲಕ್ಷ್ಮೀನರಸಮ್ಮನವರಿಗೆ ನಮಸ್ಕಾರ.

ಇಂತಿ ತಮ್ಮ ಅನ್ನದ ಋಣದವ,
ರಾಮಾಂಜಿನಪ್ಪ


ಕೆಂಚಾರ್ಲಹಳ್ಳಿ
೨೧-೯-೧೯೫೬

ಚಿ. ರಾಮಾಂಜಿಗೆ ಆಶೀರ್ವಾದ. ಕ್ಷೇಮ.

ನಿನ್ನ ಕಾಗದ ಬಂತು. ನಮ್ಮವಳು ಎರಡು ಸಲ ಓದಿಸಿ ಕೇಳಿದಳು. ಒಂದು ಸಲ ನಕ್ಕಳು.

ಹುರುಳಿಯನ್ನು ಹಿಂದಿನ ದಿನವೇ ಬೇಯಿಸಿ ಕಟ್ಟು ಬಸಿದು ಮಣ್ಣಿನ ಮಡಕೆಯಲ್ಲಿ ಇಡು. ಮಾರನೆ ದಿನ ಒಗ್ಗರಣೆ. ಕಟ್ಟು ಕುದಿಯಬಾರದು, ನೊರೆ ಎದ್ದ ಕೂಡಲೇ ಇಳಿಸು. ಎಣ್ಣೆಗಾಯಿಗೆ ಎಳೆ ಬದನೆ, ತೊಟ್ಟು ತೆಗೆಯಬೇಡ. ಚಿಗುರು ಸಿಗದ ಕಾಲದಲ್ಲಿ ಪಪ್ಪು ಮಾಡಬೇಡ, ಹುಣಸೆಹಣ್ಣು ಹಾಕಿ ಅದೇ ಅಂತ ಹೇಳಬೇಡ. ಒಬ್ಬಟ್ಟಿನದು ಬರೆದು ಹೇಳುವಂಥದ್ದಲ್ಲ, ಆದರೂ ಹಿಂದುಗಡೆ ಬರೆದಿದ್ದೇನೆ.

ನನ್ನ ಹೆಸರು ಬೋರ್ಡಿನ ಮೇಲೆ ಬರೆಸುವಂಥದ್ದೇನಿದೆ? ನಿನಗೆ ಇಷ್ಟವಾದರೆ ಬರೆಸು. ನಾನು ಇನ್ನೂ ಒಲೆ ಬಿಟ್ಟಿಲ್ಲ. ಹೋದ ಬೇಸಿಗೆಯಲ್ಲಿ ಹನ್ನೊಂದು ಮದುವೆ. ಚಿಂತಾಮಣಿ, ಶಿಡ್ಲಘಟ್ಟ, ನಿಮ್ಮ ಚಿಕ್ಕಬಳ್ಳಾಪುರದಲ್ಲೂ ಎರಡು. ನನ್ನ ಪದ್ಧತಿ ನಿನಗೆ ಗೊತ್ತು. ನಾನಾಗಿ ಯಾರ ಬಾಗಿಲಿಗೂ ಹೋಗಿ ಕೆಲಸ ಕೇಳಿದವನಲ್ಲ. ವೀಳ್ಯ ಬರಬೇಕು. ಎಲೆ, ಅಡಿಕೆ ತಂದು ಕೈಯಲ್ಲಿಟ್ಟರೆ ಸೌಟು ಹೊರಡುತ್ತೆ.

ಇನ್ನೊಂದು ದೊಡ್ಡ ಕೆಲಸ ಬಾಕಿ ಇದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರದ ಬಯ್ಯಪ್ಪನವರು ಇದ್ದಾರಲ್ಲ, ಅವರ ಮೊಮ್ಮಗಳ ಮದುವೆ ಬರುವ ಫಾಲ್ಗುಣಕ್ಕೆ ಅಂತ ಕೇಳಿದೆ. ಆ ಮಗುವಿನ ತೊಟ್ಟಿಲ ದಿನ ನಾನೇ ಅಡಿಗೆ. ಆವತ್ತು ಎಲ್ಲರ ಮುಂದೆ ಅವರು, "ಆವಲಪ್ಪಾ, ಇದರ ಮದುವೆಗೂ ನಿಂದೇ ಕೈ ಕಣಯ್ಯ" ಅಂದಿದ್ದರು. ಸಾವಿರ ಎಲೆ. ಅಷ್ಟು ದೊಡ್ಡ ಪಂಕ್ತಿಗೆ ನಾನು ಯಾವತ್ತೂ ಮಾಡಿಲ್ಲ. ಅರವತ್ತೆರಡು ಆಯಿತು. ಅದೊಂದು ಮುಗಿಸಿ ಸೌಟು ಇಳಿಸುತ್ತೇನೆ. ಬಯ್ಯಪ್ಪನವರು ಆ ಕಡೆ ಬಂದರೆ ನನ್ನ ನಮಸ್ಕಾರ ಹೇಳು. ಅಷ್ಟೇ ಹೇಳು. ಮದುವೆ ವಿಷಯ ಎತ್ತಬೇಡ.

ಮೊದಲ ಗುರುವಾರ ಎರ್ರಪ್ಪನಿಗೆ ಕೈ ಹತ್ತುವುದು ಕಷ್ಟ. ಪಕ್ಕದಲ್ಲಿ ಒಬ್ಬರು ನಿಲ್ಲುವವರು ಇದ್ದರೆ ಒಳ್ಳೆಯದು.

ಆವಲಪ್ಪ


ಚಿಕ್ಕಬಳ್ಳಾಪುರ
೨೨-೧೦-೧೯೫೬

ಅಣ್ಣನವರ ಪಾದಗಳಿಗೆ ನಮಸ್ಕಾರ.

ಪರದೆ ಎದ್ದಿತು ಅಣ್ಣಾ! ಹದಿನೆಂಟನೇ ತಾರೀಕು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಶಂಖ ಊದಿಸಿ ಬಾಗಿಲು ತೆಗೆಸಿದೆ!

ಪಕ್ಕದಲ್ಲಿ ಒಬ್ಬರು ನಿಲ್ಲಬೇಕು ಎಂದು ಬರೆದಿದ್ದಿರಿ. ನಾನೇ ನಿಂತೆ. ಈ ವಯಸ್ಸಿನಲ್ಲಿ ನಿಮ್ಮನ್ನು ಆ ಸಣ್ಣ ರೈಲಿನಲ್ಲಿ ಕುಲುಕಾಡಿಸಿ ಕರೆತರುವ ಪಾಪ ನನಗೆ ಬೇಡ. ನೀವು ಜಗಲಿಯ ಮೇಲೆ ಕಾಲು ನೀಡಿ ಕೂತಿರಿ, ನಿಮ್ಮ ಕೀರ್ತಿ ಇಲ್ಲಿ ದುಡಿಯಲಿ.

ಈಗ ರಂಗಸಜ್ಜಿಕೆ ಕೇಳಿ. ಮಧುಗಿರಿ ಕ್ಯಾಂಪಿನಲ್ಲಿ ತೆಗೆಸಿದ ಗ್ರೂಪ್ ಫೋಟೋದಿಂದ ನಿಮ್ಮ ಮುಖ ಒಂದನ್ನೇ ದೊಡ್ಡದು ಮಾಡಿಸಿದೆ. ಕೆಂಪು ಪೇಟ, ಗಿರಿಜಾ ಮೀಸೆ, ಇಪ್ಪತ್ತು ವರ್ಷದ ಹಿಂದಿನ ಆವಲಪ್ಪಣ್ಣ! ಅದಕ್ಕೆ ಕಟ್ಟು ಹಾಕಿಸಿ, ಗಲ್ಲಾದ ಮೇಲುಗಡೆ ಗೋಡೆಗೆ ಏರಿಸಿ, ಮಾರುದ್ದ ಸೇವಂತಿಗೆ ಹಾರ, ಎರಡು ಕಡೆ ಎಣ್ಣೆ ದೀಪ, ಊದುಬತ್ತಿ. ನಮ್ಮ ಕಂಪನಿಯ ಪದ್ಧತಿ ಮರೆಯುತ್ತೇನೆಯೇ? ಯಜಮಾನರು ಎದುರಿನ ಕುರ್ಚಿಯಲ್ಲೇ ಬೀಡಿ ಸೇದುತ್ತ ಕೂತಿದ್ದರೂ ಅವರ ಪಟಕ್ಕೆ ಹಾರ ಹಾಕಿ ಮಂಗಳಾರತಿ ಎತ್ತದೆ ನಾವು ಪರದೆ ಎತ್ತಿದವರಲ್ಲ.

ಜನರ ಭಕ್ತಿ ಏನು ಹೇಳಲಿ! ಚಪ್ಪಲಿ ಹೊರಗೆ ಬಿಟ್ಟು ಬಂದರು. ಪಟ ನೋಡಿದವರೆಲ್ಲ ಒಂದು ಕ್ಷಣ ತಲೆ ತಗ್ಗಿಸಿದರು. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಟೋಪಿ ತೆಗೆದರು. ವೆಂಕಟರತ್ನಮ್ಮ ಅಂತ ಹೂವಿನ ವ್ಯಾಪಾರದವಳು, ತಾನು ತಂದ ಹಾರವನ್ನೇ ನೋಡಿ, "ಅಯ್ಯೋ, ನನ್ನ ಮದುವೇಲಿ ಇವರದೇ ಊಟ ಕಣಣ್ಣ, ಎಂಥಾ ಮನುಷ್ಯ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಲಾವಿದನಿಗೆ ಇದಕ್ಕಿಂತ ಚಪ್ಪಾಳೆ ಬೇಕೇ?

ನೂರಾ ಎಂಬತ್ತು ಎಲೆ ಎದ್ದವು. ಮಜ್ಜಿಗೆಗೆ ಎರಡನೇ ಸಲ ಇಂಗು ಅರೆಯಬೇಕಾಯಿತು.

ಧನ್ಯ, ಧನ್ಯ.
ರಾಮಾಂಜಿನಪ್ಪ


ಕೆಂಚಾರ್ಲಹಳ್ಳಿ
೧೭-೧-೧೯೫೭

ಚಿ. ರಾಮಾಂಜಿಗೆ ಆಶೀರ್ವಾದ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಅವರೆಕಾಯಿ ಸುಗ್ಗಿ. ಮನೆ ತುಂಬ ಸಿಪ್ಪೆ.

ಸಂಕ್ರಾಂತಿ ಕಳೆಯಿತು. ಎಲ್ಲ ವರ್ಷವೂ ಈ ಹೊತ್ತಿಗೆ ಏಳೆಂಟು ವೀಳ್ಯ ಬಂದಿರುತ್ತಿತ್ತು. ಈ ಸಲ ಎರಡು. ಎರಡೂ ಇಲ್ಲೇ ಪಕ್ಕದ ಹಳ್ಳಿಗಳವು, ಎಂಬತ್ತು ಎಲೆ, ನೂರು ಎಲೆ. ಶಿಡ್ಲಘಟ್ಟದ ಕಡೆಯಿಂದ ಒಂದೂ ಇಲ್ಲ. ಗೌರಿಬಿದನೂರಿನಿಂದ ಇಲ್ಲ. ನಿಮ್ಮೂರಿನಿಂದ ಇಲ್ಲ.

ಹೋದ ಬೇಸಿಗೆ ಕೊನೆಯ ಮದುವೆಯಲ್ಲಿ ಪಾಯಸ ಒಂದು ಸ್ವಲ್ಪ ತಳ ಹಿಡಿದಿತ್ತು. ಯಾರೂ ಏನೂ ಅನ್ನಲಿಲ್ಲ. ಅದೇ ಊರೂರು ಹಬ್ಬಿತೇನೋ. ನಮ್ಮವಳು, "ಒಂದ್ಸಲ ಹೋಗಿ ಬಯ್ಯಪ್ಪನೋರಿಗೆ ಮುಖ ತೋರಿಸಿ ಬರಬಾರದಾ?" ಅನ್ನುತ್ತಾಳೆ. ನಲವತ್ತು ವರ್ಷ ಹೋಗದವನು ಈಗ ಹೋಗಲಾ?

ಬಯ್ಯಪ್ಪನವರು ನಿನ್ನ ಹೋಟೆಲಿಗೆ ಬಂದಿದ್ದರಾ? ನನ್ನ ನಮಸ್ಕಾರ ಹೇಳಿದೆಯಾ? ತಾಮ್ರದ ಕೊಳಗಗಳಿಗೆ ಕಲಾಯಿ ಹಾಕಿಸಿ ಇಟ್ಟಿದ್ದೇನೆ.

ಆವಲಪ್ಪ


ಚಿಕ್ಕಬಳ್ಳಾಪುರ
೬-೨-೧೯೫೭

ಅಣ್ಣನವರಿಗೆ ನಮಸ್ಕಾರ.

ಪಾಯಸ ತಳ ಹಿಡಿದದ್ದೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಿಂಹದ ಬಾಯಲ್ಲಿ ಒಂದು ಹಲ್ಲು ಅಲ್ಲಾಡಿದರೆ ಕಾಡು ಖಾಲಿಯಾಗುತ್ತದೆಯೇ? ಈ ವರ್ಷ ಮುಹೂರ್ತಗಳೇ ಕಡಿಮೆ ಎಂದು ಜೋಯಿಸರು ಹೇಳುತ್ತಾರೆ.

ಗುರುವಾರದ ಎಲೆ ಈಗ ಇನ್ನೂರೈವತ್ತು ದಾಟಿದೆ. ಅಲೀಪುರದಿಂದ ಸಾಬರು ಕುಟುಂಬಸಮೇತ ಬಸ್ಸಿನಲ್ಲಿ ಬರುತ್ತಾರೆ, ಎಣ್ಣೆಗಾಯಿ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಪಟಕ್ಕೆ ಗಾಜು ಹಾಕಿಸಿದೆ. ಹೊಸ ಬೆಂಚು ಮಾಡಿಸಿದೆ. ಗೋಡೆಗೆ ಹಸಿರು ಬಣ್ಣ ಬಳಿಸಿದೆ. ಎರ್ರಪ್ಪನಿಗೆ ಈಗ ಸೊಕ್ಕು ಬಂದು, ಸಾರಿನ ಬಗ್ಗೆ ಯಾರಾದರೂ ಕೊಂಕು ನುಡಿದರೆ, "ಪಟ ನೋಡ್ಕೊಂಡು ಮಾತಾಡು" ಅನ್ನುತ್ತಾನೆ.

ಬಯ್ಯಪ್ಪನವರ ವಿಷಯ. ದೊಡ್ಡ ವ್ಯಾಪಾರಸ್ಥರು, ಒಂದು ಕಾಲು ಗೂಡಿನ ಮಾರ್ಕೆಟ್ಟಿನಲ್ಲಿ, ಒಂದು ಕಾಲು ಬೆಂಗಳೂರಿನಲ್ಲಿ. ಅವರ ಮನಸ್ಸಿನಲ್ಲಿ ಏನಿದೆ ಎಂದು ನಾನು ಹೇಗೆ ಹೇಳಲಿ?

ಅಂದಹಾಗೆ ಒಂದು ಅನುಗ್ರಹವಾಗಬೇಕು. ಹೊರಗಡೆ ಒಂದು ದೊಡ್ಡ ಕೆಲಸ ಒಪ್ಪಿಕೊಂಡಿದ್ದೇನೆ. ಸಾವಿರ ಎಲೆಗೆ ಒಬ್ಬಟ್ಟು ಮಾಡಬೇಕಾದರೆ ಬೇಳೆ, ಬೆಲ್ಲ, ಕಣಕದ ಲೆಕ್ಕ ಹೇಗೆ? ಎರ್ರಪ್ಪ ಕೈ ಚೆಲ್ಲಿ ಕೂತಿದ್ದಾನೆ. ಬೇಗ ಬರೆಯಿರಿ.

ರಾಮಾಂಜಿನಪ್ಪ


ಕೆಂಚಾರ್ಲಹಳ್ಳಿ
೧೨-೨-೧೯೫೭

ಚಿ. ರಾಮಾಂಜಿಗೆ.

ಸಾವಿರ ಎಲೆ ಅಂತ ಒಂದೇ ಅಳತೆ ಹಾಕಬೇಡ. ಕೆಡುತ್ತೆ. ನೂರು ನೂರು ಎಲೆಯ ಹತ್ತು ಪಾಲು ಮಾಡು. ಹತ್ತು ಮದುವೆ ಅಂದುಕೋ. ಒಂದು ಪಾಲಿನ ಬೇಳೆ ಬೆಂದು ಇಳಿದ ಮೇಲೆ ಇನ್ನೊಂದು ಏರಿಸು. ಬೇಳೆ ಎಷ್ಟು ತೂಕವೋ ಬೆಲ್ಲವೂ ಅಷ್ಟೇ, ಹೊಸ ಬೆಲ್ಲವಾದರೆ ಒಂದು ಹಿಡಿ ಕಡಿಮೆ. ಕಣಕವನ್ನು ಎಣ್ಣೆಯಲ್ಲಿ ನೆನೆಸಿ ಒದ್ದೆ ಬಟ್ಟೆ ಮುಚ್ಚು. ಬೇಳೆ ಬಸಿದ ನೀರು ಚೆಲ್ಲಬೇಡ, ಅದೇ ಸಾರು.

ಮುಖ್ಯ ಒಂದು. ಹೂರಣ ಪೂರ್ತಿ ಆರಿದ ಮೇಲೆ ರುಬ್ಬು. ಜನ ಕೂತುಬಿಟ್ಟಿದ್ದಾರೆ ಅಂತ ಅವಸರ ಮಾಡಿ ಬಿಸಿಯಲ್ಲೇ ರುಬ್ಬಿದರೆ ಅಂಟಾಗುತ್ತೆ, ನಾಲಿಗೆ ಮೇಲೆ ಬಿಡಿಸಿಕೊಳ್ಳುವುದಿಲ್ಲ. ಕಾಯಿಸು. ಕಾದರೆ ಯಾರೂ ಸಾಯುವುದಿಲ್ಲ.

ಇದು ನಾನು ಬಯ್ಯಪ್ಪನವರ ಮನೆಗೆ ಅಂತ ಮನಸ್ಸಿನಲ್ಲೇ ಹಾಕಿಕೊಂಡಿದ್ದ ಲೆಕ್ಕ. ಇನ್ನೂ ವೀಳ್ಯ ಬಂದಿಲ್ಲ. ಫಾಲ್ಗುಣಕ್ಕೆ ಇನ್ನು ಹದಿನೆಂಟು ದಿನ.

ನಿನ್ನದು ಯಾರ ಮನೆ ಮದುವೆ ಅಂತ ಬರೆಯಲಿಲ್ಲ.

ಆವಲಪ್ಪ


ಕೆಂಚಾರ್ಲಹಳ್ಳಿ
೨೬-೮-೧೯೫೭

ಚಿ. ರಾಮಾಂಜಿಗೆ ಆಶೀರ್ವಾದ.

ಆರು ತಿಂಗಳಾಯಿತು ನಿನ್ನ ಕಾಗದ ಇಲ್ಲ. ಕೆಲಸ ಹೆಚ್ಚು ಅಂದುಕೊಂಡೆ.

ಗೌರಿಬಿದನೂರಿನಲ್ಲಿ ನನ್ನ ತಂಗಿ ಅಕ್ಕಯಮ್ಮನಿಗೆ ಮೈ ಸರಿಯಿರಲಿಲ್ಲ. ನೋಡಿಕೊಂಡು ಬರುವಾಗ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಇಳಿದೆ. ಇಪ್ಪತ್ತೆರಡನೇ ತಾರೀಕು. ಗುರುವಾರ ಅಂತ ಇಳಿದ ಮೇಲೆ ನೆನಪಾಯಿತು. ನಿನ್ನನ್ನು ನೋಡೋಣ, ನೀನು ಕೂಗುವುದನ್ನು ಕೇಳೋಣ ಅಂತ ಬಂದೆ.

ಬಾಗಿಲಲ್ಲಿ ಚಪ್ಪಲಿ ರಾಶಿ. ನಾನೂ ಬಿಟ್ಟೆ. ಒಳಗೆ ಬಂದರೆ ನನ್ನ ಮುಖ. ಹಾರ. ಎರಡು ದೀಪ.

ನೀನು ಬರೆದಿದ್ದೆ ಹಾರ ಹಾಕಿದೆ ಅಂತ. ಓದುವಾಗ ನನಗೂ ಕಂಪನಿಯೇ ಕಣ್ಣ ಮುಂದೆ ಇತ್ತು. ಗೋಡೆಯ ಮೇಲೆ ನೋಡಿದರೆ ಬೇರೆ.

ನನ್ನ ಮುಂದಿದ್ದವರು ಕೈ ಮುಗಿದರು, ಹಿಂದಿದ್ದವರು ಮುಗಿದರು. ನಾನೊಬ್ಬ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ ಅಂತ ನಾನೂ ಮುಗಿದೆ.

ಮೀಸೆ ತೆಗೆಸಿ ನಾಲ್ಕು ವರ್ಷವಾಯಿತು, ಪೇಟ ಇಲ್ಲ, ಯಾರಿಗೆ ಗುರುತು ಸಿಗುತ್ತೆ? ಪಕ್ಕದ ಎಲೆಯಲ್ಲಿ ಶಿಡ್ಲಘಟ್ಟದವರೊಬ್ಬರು ಕೂತಿದ್ದರು, ರೇಷ್ಮೆಗೂಡಿನ ನೂಲು ಬಿಚ್ಚಾಣಿಕೆಯವರು. "ಉಣ್ಣಿ ತಾತ, ಸಂಕೋಚ ಬೇಡ. ಪುಣ್ಯಾತ್ಮ ಹೋದ ಮೇಲೂ ಅನ್ನ ಹಾಕ್ತಾವ್ನೆ" ಅಂದರು. ಯಾವಾಗ ಹೋದರಪ್ಪ ಅಂತ ಕೇಳಿದೆ. "ಹೋಗಿ ವರ್ಷದ ಮೇಲಾಯ್ತು. ನಮ್ಮ ಬಯ್ಯಪ್ಪನೋರು ಇದೇ ಪಟದ ಮುಂದೆ ನಿಂತು ಗೊಳೋ ಅಂತ ಅತ್ತುಬಿಟ್ರು. ಮೊಮ್ಮಗಳ ಮದುವೆಗೆ ಆಯಪ್ಪನ ಕೈಯೇ ಬೇಕು ಅಂತಿದ್ರಲ್ಲ. ಆಮೇಲೆ ಇನ್ನೇನು ಮಾಡೋದು, ಈ ಹೋಟ್ಲೋರಿಗೇ ಕೊಟ್ರು. ಸಾವಿರ ಎಲೆ!" ಅಂದರು.

ಸಾರು ಚೆನ್ನಾಗಿತ್ತು. ನೊರೆ ಎದ್ದಾಗಲೇ ಇಳಿಸಿದ್ದಾನೆ ಎರ್ರಪ್ಪ. ಒಬ್ಬಟ್ಟಿನ ಹೂರಣ ಬಿಸಿಯಲ್ಲೇ ರುಬ್ಬಿದೆ.

ಹೊರಡುವಾಗ ನೀನು ಗಲ್ಲಾದಲ್ಲಿದ್ದೆ. ಯಾರಿಗೋ ನನ್ನ ಕಥೆಯನ್ನೇ ಹೇಳುತ್ತಿದ್ದೆ, ಗೌರಿಬಿದನೂರು ಡೇರೆಯದು. ಚೆನ್ನಾಗಿ ಹೇಳುತ್ತಿದ್ದೆ. ತಲೆ ಎತ್ತದೆ ಕೈ ಮಾತ್ರ ಎತ್ತಿ, "ಹೋಗಿ ಬನ್ನಿ ಯಜಮಾನ್ರೇ" ಅಂದೆ.

ಬಂದೆ. ಮನೆ ಹೊಸಲು ದಾಟುವ ಮುಂಚೆ ಹಿತ್ತಲಿಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡೆ. ನಮ್ಮವಳು ಓಡಿ ಬಂದು, "ಯಾರು ಹೋದ್ರು?" ಅಂತ ಕೇಳಿದಳು. ಗೊತ್ತಿರೋರು ಅಂದೆ.

ಆವಲಪ್ಪ


ಚಿಕ್ಕಬಳ್ಳಾಪುರ
೨-೯-೧೯೫೭

ಅಣ್ಣಾ,

ಮೂರು ಸಲ ಬರೆದು ಮೂರೂ ಹರಿದೆ. ನನ್ನ ಬಾಯಿಗೆ ಬರುವ ಮಾತೆಲ್ಲ ಯಾವುದೋ ರಾಜನದಾಗಿರುತ್ತದೆ, ನನ್ನದು ಯಾವುದು ಎಂದು ಹುಡುಕಬೇಕಾಯಿತು.

ಹಾರ ಹಾಕಿದ್ದು ತಿಳಿಯದೆ. ನನ್ನ ತಾಯಿಯಾಣೆ. ಗೋಡೆಯ ಪಟಕ್ಕೆ ಹಾರ ಹಾಕುವುದು ಎಂಥವರಿಗೆ ಎಂದು ಈ ಊರಿನ ಮಕ್ಕಳಿಗೂ ಗೊತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ. ಹನ್ನೊಂದನೇ ವಯಸ್ಸಿಗೆ ಡೇರೆ ಸೇರಿದವನು, ಮನೆ ಗೋಡೆ ನೋಡಿದವನೇ ಅಲ್ಲ.

ತಿಳಿಯದೆ ಮಾಡಿದ್ದು ಡಿಸೆಂಬರಿನವರೆಗೆ ಮಾತ್ರ. ಆಮೇಲಿನದನ್ನು ಬರೆಯುತ್ತೇನೆ.

ಬಯ್ಯಪ್ಪನವರು ಬಂದರು. ಮಾಡು ತಾಗುವಂಥ ಆಳು, ಪಟದ ಮುಂದೆ ಕುಸಿದು ಬೆಂಚಿನ ಮೇಲೆ ಕೂತರು. "ಯಾವಾಗ ಹೋದ್ರಪ್ಪ? ನಂಗೊಂದು ಮಾತು ಹೇಳಿ ಕಳಿಸಬಾರದಿತ್ತಾ?" ಎಂದರು. ಆಗ ನನಗೆ ಅರ್ಥವಾಯಿತು ಅಣ್ಣ. ಚಪ್ಪಲಿ ಬಿಟ್ಟಿದ್ದು ಯಾಕೆ, ಗುಮಾಸ್ತರು ಟೋಪಿ ತೆಗೆದದ್ದು ಯಾಕೆ, ವೆಂಕಟರತ್ನಮ್ಮ ಅತ್ತದ್ದು ಯಾಕೆ, ಎಲ್ಲ ಒಂದೇ ಕ್ಷಣದಲ್ಲಿ. "ಅಯ್ಯೋ, ಇದ್ದಾರೆ ಸ್ವಾಮಿ, ಕೆಂಚಾರ್ಲಹಳ್ಳಿಯಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾರೆ" ಎನ್ನಲು ಬಾಯಿ ತೆರೆದೆ.

ಹೋಟೆಲು ತುಂಬಿತ್ತು. ಎಲ್ಲರೂ ಉಣ್ಣುವುದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಇಷ್ಟು ದಿನ ಅವರೆಲ್ಲ ಕೈ ಮುಗಿದದ್ದು ಬದುಕಿರುವವರಿಗೆ ಎಂದು ಗೊತ್ತಾದರೆ ನಕ್ಕುಬಿಡುತ್ತಾರೆ ಎನ್ನಿಸಿತು. ಇಪ್ಪತ್ತು ವರ್ಷ ಜನ ನಗಬಾರದ ಕಡೆ ನಕ್ಕರೆ ಏನಾಗುತ್ತದೆ ಎಂಬ ಹೆದರಿಕೆಯಲ್ಲೇ ಬದುಕಿದವನು ನಾನು. ಬಾಯಿಂದ ಬಂದದ್ದು ಇದು: "ದೊಡ್ಡವರು. ತಮ್ಮ ಕೈರುಚಿಯನ್ನ ನಮ್ಮಲ್ಲಿ ಬಿಟ್ಟು ಹೋಗವ್ರೆ."

ಅಷ್ಟೇ ಅಂದೆ. ಸತ್ತರು ಅನ್ನಲಿಲ್ಲ. ಅದನ್ನೇ ಹಿಡಿದುಕೊಂಡು ಎಂಟು ತಿಂಗಳು ನಿದ್ದೆ ಮಾಡಿದೆ.

"ಹಂಗಾದ್ರೆ ಫಾಲ್ಗುಣಕ್ಕೆ ನೀನೇ ಬಾರಪ್ಪ" ಎಂದು ಅವರು ಜೇಬಿನಿಂದ ಎಲೆ ಅಡಿಕೆ ತೆಗೆದು ನನ್ನ ಕೈಯಲ್ಲಿಟ್ಟರು. ಅವರು ಅದನ್ನು ಕೆಂಚಾರ್ಲಹಳ್ಳಿಗೆ ಎಂದೇ ತಂದಿದ್ದರು ಅಣ್ಣ. ನಾಲ್ಕು ದಿನದಿಂದ ಜೇಬಿನಲ್ಲಿತ್ತಂತೆ, ಎಲೆ ಬಾಡಿತ್ತು. ನಾನು ತೆಗೆದುಕೊಂಡೆ. ಆಮೇಲೆ ನಿಮಗೇ ಕಾಗದ ಬರೆದು ನಿಮ್ಮ ಲೆಕ್ಕವನ್ನೇ ತರಿಸಿಕೊಂಡೆ. ಆ ಮದುವೆಯ ದಿನ ಹೂರಣ ಆರುವವರೆಗೆ ಕಾಯಲಿಲ್ಲ. ಬಯ್ಯಪ್ಪನವರು ಒಂದು ತುತ್ತು ಬಾಯಿಗಿಟ್ಟು ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿದರು.

ಇವತ್ತು ಬೆಳಿಗ್ಗೆ ಹಾರ ತೆಗೆದೆ. ದೀಪ ತೆಗೆದೆ. ಶಿಡ್ಲಘಟ್ಟಕ್ಕೆ ಹೋಗಿ ಬಯ್ಯಪ್ಪನವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು, "ನೀನು ನನ್ನ ಮಾತು ಮುರಿಸಿಬಿಟ್ಟೆಯಲ್ಲಯ್ಯ" ಎಂದಷ್ಟೇ ಹೇಳಿ ಒಳಗೆ ಹೋದರು. ಹೊರಗೆ ಬಂದವನು ಬಿಡಲಿಲ್ಲ ಅಣ್ಣ! ಎರಡು ಸಾವಿರ ಕರಪತ್ರ ಅಚ್ಚು ಹಾಕಿಸುತ್ತಿದ್ದೇನೆ, ತಮಟೆ ಹೊಡೆಸಿ ನಾಲ್ಕು ತಾಲ್ಲೂಕಿಗೂ ಹಂಚಿಸುತ್ತೇನೆ. ನಿಮ್ಮ ಹೆಸರನ್ನು ಕೆಡಿಸಿದ ಬಾಯೇ ಅದನ್ನು ಕೂಗಿ ಎತ್ತಬೇಕು.

ಇದರ ಜೊತೆ ಬಟ್ಟೆಯಲ್ಲಿ ಸುತ್ತಿ ವೀಳ್ಯ ಕಳಿಸಿದ್ದೇನೆ. ಅಕ್ಟೋಬರ್ ಹತ್ತನೇ ತಾರೀಕು ಗುರುವಾರ, ನಮ್ಮ ಹೋಟೆಲಿನ ಎದುರಿನ ಬಯಲಿನಲ್ಲಿ ಚಪ್ಪರ ಹಾಕಿಸಿ ಸಾವಿರ ಎಲೆ. ಒಲೆ ನಿಮ್ಮದು, ಸೌಟು ನಿಮ್ಮದು. ಬನ್ನಿ ಅಣ್ಣ.

ರಾಮಾಂಜಿನಪ್ಪ


ಕೆಂಚಾರ್ಲಹಳ್ಳಿ
೧೪-೧೦-೧೯೫೭

ರಾಮಾಂಜಿನಪ್ಪನವರಿಗೆ ಲಕ್ಷ್ಮೀನರಸಮ್ಮ ಬರೆಯುವುದು.

ಇವರು ಬರೆಯಲ್ಲ ಅಂದರು, ಅದಕ್ಕೆ ನಾನು ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನ ಓದು, ತಪ್ಪಿದ್ದರೆ ಮನ್ನಿಸಿ.

ನೀವು ಚಪ್ಪರದಲ್ಲಿ ಕಾದಿರುತ್ತೀರಿ. ಇವರು ಹೊರಟಿದ್ದರು. ಸುಳ್ಳಲ್ಲ.

ನಿಮ್ಮ ಕಾಗದ ಓದಿ ಮಡಿಸಿ ಗೂಡಿನಲ್ಲಿಟ್ಟರು. ಮಾರನೆ ದಿನ ಸೌಟನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದರು. ಆಮೇಲೆ ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ ನಮ್ಮಿಬ್ಬರಿಗೇ ಒಬ್ಬಟ್ಟು ಮಾಡಿದರು. "ಕೈ ಹೋಗಿಲ್ಲ ಕಣೇ" ಅಂದರು. ನಾನು ಮದುವೆಯಾಗಿ ಬಂದಾಗಿನಿಂದ ಇವರನ್ನು ಅಷ್ಟು ಸಂತೋಷವಾಗಿ ನೋಡಿದ್ದು ಕಡಿಮೆ. ಬುಧವಾರ ಬೆಳಿಗ್ಗೆ ಸೌಟನ್ನು ಪಂಚೆಯಲ್ಲಿ ಸುತ್ತಿಕೊಂಡು ಚಿಂತಾಮಣಿಗೆ ನಡೆದರು, ರೈಲಿಗೆ.

ಮಧ್ಯಾಹ್ನಕ್ಕೇ ವಾಪಸು ಬಂದರು. ಕಾಲು ತೊಳೆದುಕೊಂಡು ಬಂದು ಹೇಳಿದರು. ಸ್ಟೇಷನ್ನಿನ ಗೋಡೆಗೆ ನಿಮ್ಮ ಕರಪತ್ರ ಅಂಟಿಸಿದ್ದರಂತೆ. "ಬದುಕಿದ್ದಾರೆ! ಬದುಕಿದ್ದಾರೆ! ಪಾಕವೀರ ಆವಲಪ್ಪನವರು ಬದುಕಿದ್ದಾರೆ! ಕಣ್ಣಾರೆ ನೋಡಿ, ಬಾಯಾರೆ ಉಣ್ಣಿ!" ಅಂತ ದಪ್ಪ ಅಕ್ಷರ. ಅದರ ಮುಂದೆ ನಾಲ್ಕು ಜನ ನಿಂತು ನಗುತ್ತಿದ್ದರಂತೆ. "ಸತ್ತೋನ ಪಾರ್ಟು ಮುಗೀತು, ಎದ್ದು ಬರ್ತಾವ್ನೆ" ಅಂದನಂತೆ ಒಬ್ಬ. "ಟಿಕೀಟು ಎಷ್ಟಂತೆ?" ಅಂದನಂತೆ ಇನ್ನೊಬ್ಬ. ಇವರು ಪಕ್ಕದಲ್ಲೇ ನಿಂತಿದ್ದರು, ಸೌಟು ಕಂಕುಳಲ್ಲಿ. ರೈಲು ಬಂತು, ಹೋಯಿತು.

"ಬದುಕಿದ್ದೀನಿ ಅಂತ ಗೋಡೆ ಮೇಲೆ ಬರೆಸ್ಕೊಂಡೋನ ಕೈಲಿ ಯಾರು ಉಣ್ತಾರೆ? ನೋಡಕ್ಕೆ ಬರ್ತಾರೆ ಅಷ್ಟೇ" ಅಂದರು.

ನಿಮ್ಮ ಮೇಲೆ ಕೋಪ ಇಲ್ಲ. ನಾನು ಎರಡು ಮಾತು ಅಂದರೆ, "ಸುಮ್ನಿರೇ, ಅವನು ಕಂಡಿದ್ದೇ ಅಷ್ಟು" ಅಂತ ನನ್ನನ್ನೇ ಬೈದರು. ಕೋಪ ಇದ್ದಿದ್ದರೆ ಚೆನ್ನಾಗಿತ್ತು.

ವೀಳ್ಯ ಹಿಂದಕ್ಕೆ ಕಳಿಸುತ್ತಿಲ್ಲ. ಇವರ ಪದ್ಧತಿಯಲ್ಲಿ ಕೆಲಸಕ್ಕೆ ಬಂದ ವೀಳ್ಯವನ್ನು ಒಲೆಯ ಮುಂದೆ ಇಡುತ್ತಾರೆ, ಬಾಯಿಗೆ ಹಾಕುವುದಿಲ್ಲ. ನಂಟರು ಕರೆಯುವುದಕ್ಕೆ ಕೊಟ್ಟದ್ದನ್ನು ಮಾತ್ರ ಮೆಲ್ಲುತ್ತಾರೆ. ಸಂಜೆ ಜಗಲಿಯ ಮೇಲೆ ಕೂತು ಸುಣ್ಣ ತರಿಸಿಕೊಂಡು ಒಣಗಿ ಹೋಗಿದ್ದ ನಿಮ್ಮ ಎಲೆಯನ್ನೇ ಅಡಿಕೆ ಜೊತೆ ಹಾಕಿಕೊಂಡರು. ಸೌಟು ಅಟ್ಟಕ್ಕೆ ಹೋಯಿತು.

ಹೇಳಿದ್ದು ಇಷ್ಟು: ಗುರುವಾರದ ಎಲೆ ನಿಲ್ಲಿಸಬೇಡಿ, ಜನ ದೂರದಿಂದ ಬರುತ್ತಾರೆ. ಹೂರಣ ಆರಲಿ. ಯಾವಾಗಲಾದರೂ ಬಂದು ಸಾಲಿನಲ್ಲಿ ಕೂತು ಉಂಡು ಹೋಗುತ್ತಾರಂತೆ. ಹೇಳಿ ಬರುವುದಿಲ್ಲ, ಕೂಗಿ ಕರೆಯಬಾರದಂತೆ.

ಲಕ್ಷ್ಮೀನರಸಮ್ಮ


ಚಿಕ್ಕಬಳ್ಳಾಪುರ
೨೧-೩-೧೯೫೮

ಅಣ್ಣನವರಿಗೆ ರಾಮಾಂಜಿನಪ್ಪನ ನಮಸ್ಕಾರ.

ಗುರುವಾರದ ಎಲೆ ನಡೆಯುತ್ತಿದೆ. ಜನ ಅರ್ಧಕ್ಕೆ ಇಳಿದರು. ಬೋರ್ಡಿನಲ್ಲಿ ಈಗ ನಿಮ್ಮ ಹೆಸರಿಲ್ಲ, ಪಟವೂ ಇಲ್ಲ. ಗೋಡೆಯ ಮೇಲೆ ಅದಿದ್ದ ಜಾಗದಲ್ಲಿ ಹಸಿರು ಬಣ್ಣದ ನಡುವೆ ಹಳೆಯ ಸುಣ್ಣದ ಚೌಕ ಉಳಿದಿದೆ. ಬಳಿಸಿಲ್ಲ.

ಹೂರಣ ಆರುವವರೆಗೆ ಕಾಯುತ್ತೇವೆ. ಜನ ಗೊಣಗುತ್ತಾರೆ. ಎರ್ರಪ್ಪ ಬೀಸಣಿಗೆ ಹಿಡಿದುಕೊಂಡು ಕೂರುತ್ತಾನೆ.

ಸಾಲಿನ ಕೊನೆಯಲ್ಲಿ ನಿಮಗೆಂದು ಒಂದು ಎಲೆ ಹಾಕಿ, ಎಲ್ಲ ಬಡಿಸಿ, ಹಾಗೇ ಬಿಡೋಣ ಎಂದುಕೊಂಡೆ. ಮೊದಲ ವಾರ ಎಲೆ ಹಾಕಿಯೂ ಬಿಟ್ಟಿದ್ದೆ. ಎರ್ರಪ್ಪ ಓಡಿ ಬಂದು ನನ್ನ ಕೈ ಹಿಡಿದ. "ಸ್ವಾಮಿ, ಅದೂ ಸತ್ತೋರಿಗೇ ಹಾಕೋದು" ಎಂದ. ಮಡಿಸಿ ಎತ್ತಿಬಿಟ್ಟೆ. ನನಗೆ ಒಂದು ಗೌರವವನ್ನೂ ಸರಿಯಾಗಿ ಮಾಡಲು ಬರುವುದಿಲ್ಲ ಅಣ್ಣ.

ಈಗ ಗುರುವಾರ ಗಲ್ಲಾದಲ್ಲಿ ಕೂರುವುದಿಲ್ಲ. ಬಾಗಿಲಲ್ಲಿ ನಿಲ್ಲುತ್ತೇನೆ. ಕೂಗುವುದಿಲ್ಲ. ಬರುವ ಒಬ್ಬೊಬ್ಬ ವಯಸ್ಸಾದವರ ಮುಖವನ್ನೂ ನೋಡಿ ಎಲೆ ಹಾಕಿಸುತ್ತೇನೆ. ಕೆಲವರಿಗೆ ಮುಜುಗರವಾಗುತ್ತದೆ, "ಏನಪ್ಪ ಹಂಗ್ ನೋಡ್ತೀಯ" ಎನ್ನುತ್ತಾರೆ. ನನ್ನ ಕಣ್ಣಿನಲ್ಲಿರುವುದು ಮೀಸೆ, ಪೇಟ. ಈಗಿನ ಮುಖ ಹೇಗಿದೆಯೋ ನನಗೆ ಗೊತ್ತಿಲ್ಲ. ಅವತ್ತು ತಲೆ ಎತ್ತಿದ್ದರೆ ಗೊತ್ತಿರುತ್ತಿತ್ತು.

ಇಪ್ಪತ್ತಮೂರು ಗುರುವಾರ ಆಯಿತು. ನೀವು ಬಂದಿಲ್ಲವೋ, ಬಂದು ಉಂಡು ಹೋದಿರೋ ತಿಳಿಯದು. ಬಂದಿದ್ದರೆ ಒಂದು ಕಾರ್ಡು ಹಾಕಿ. ಬೇರೇನೂ ಬರೆಯುವುದು ಬೇಡ. ಹೂರಣ ಸರಿಯಿತ್ತೇ, ಅಷ್ಟು ಮಾತ್ರ.

ರಾಮಾಂಜಿ